ರೀಲ್ಸ್ ನೋಡಿ ಒಲೆ ಹಚ್ಚುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ಧ ನಿಮಿಷದ ಅಡುಗೆ ವಿಡಿಯೊದಲ್ಲಿ ಮೊದಲು ಕತ್ತರಿ ಬೀಳುವುದು ಕಾಯುವ ಹೊತ್ತಿಗೆ, ಆಮೇಲೆ ನೀರಿಗೆ. ಹೂಕೋಸನ್ನು ಒರೆಸಿ ಆರಲು ಬಿಟ್ಟದ್ದು, ಮೊಸರನ್ನು ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟದ್ದು, ಹಿಟ್ಟು ಹುದುಗಿದ್ದು ಯಾವುದೂ ಪರದೆಗೆ ಬರುವುದಿಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಹೀಗೆ ಕತ್ತರಿಸಿ ಹೋದ ಜಾಗದಲ್ಲೇ.

ವಿಡಿಯೊದಲ್ಲಿ ‘ಒಂದು ಕಪ್’ ಅನ್ನುತ್ತಾರೆ. ಯಾವ ಕಪ್?

ಅಮೆರಿಕದ ರೆಸಿಪಿಯಾದರೆ ಸುಮಾರು 240 ಮಿ.ಲೀ., ಜಪಾನಿನದಾದರೆ 200. ನಮ್ಮಲ್ಲಿ ಮಾರುವ ಅಳತೆ ಕಪ್ಪುಗಳು 240ರಿಂದ 250ರ ನಡುವೆ ಇರುತ್ತವೆ. ಮನೆಯ ಟೀ ಕಪ್ಪಿಗೆ ಅಷ್ಟು ಹಿಡಿಯುವುದೇ ಇಲ್ಲ. ಉಪ್ಪಿಟ್ಟಿಗೆ ಇದರಿಂದ ತೊಂದರೆಯಿಲ್ಲ; ರವೆಯನ್ನೂ ನೀರನ್ನೂ ಒಂದೇ ಲೋಟದಲ್ಲಿ ಅಳೆದರೆ ಆಯಿತು. ಕೇಕಿನ ಲೆಕ್ಕವೇ ಬೇರೆ. ಮೊಟ್ಟೆಯ ಗಾತ್ರ ಇದ್ದಷ್ಟೇ ಇರುತ್ತದೆ, ಕಪ್ಪು ಮಾತ್ರ ಚಿಕ್ಕದಾಗಿರುತ್ತದೆ. ಒಂದು ಕಪ್ ಮೈದಾ ಹಗುರವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ದಾಟುತ್ತದೆ. ಹಾಗಾಗಿ ಗ್ರಾಂನಲ್ಲಿ ಅಳತೆ ಕೊಟ್ಟವರನ್ನು ನಂಬಿ, ಒಂದು ಡಿಜಿಟಲ್ ತಕ್ಕಡಿ ಕೊಳ್ಳಿ. ಇನ್ನೊಂದು ಮಾತು: ಟೇಬಲ್ ಚಮಚ ಎಂದರೆ ಎಲ್ಲೆಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ ಮಾತ್ರ 20. ಮೆಲ್ಬರ್ನ್‌ನಲ್ಲಿ ಕೊಂಡ ಚಮಚದಿಂದ ಬೆಂಗಳೂರಿನ ವಿಡಿಯೊ ನೋಡಿ ಸೋಡಾ ಹಾಕುವವರು ಎಚ್ಚರ ವಹಿಸಬೇಕು.

ದುಬೈ ಚಾಕೊಲೇಟ್ ಮನೆಯಲ್ಲಿ ಮಾಡಬಹುದೇ? ಕಟಾಯಿಫಿ ಸಿಗದಿದ್ದರೆ ಏನು ಬಳಸುವುದು?

ಖಂಡಿತ ಮಾಡಬಹುದು. ದುಬೈನ ಫಿಕ್ಸ್ ಎಂಬ ಚಾಕೊಲೇಟ್ ಅಂಗಡಿಯನ್ನು ಸಾರಾ ಹಮೂದಾ 2021ರಲ್ಲಿ ಶುರು ಮಾಡಿದರು. 2023ರ ಡಿಸೆಂಬರ್‌ನಲ್ಲಿ ಬಂದ ಒಂದು ಟಿಕ್‌ಟಾಕ್ ವಿಡಿಯೊದಿಂದ ಅವರ ಪಿಸ್ತಾ ಬಾರ್ ಜಗತ್ತಿನ ಬಾಯಿಗೆ ಬಿತ್ತು. ಒಳಗಿನ ಹೂರಣ ಅರಬ್ಬರ ಕುನಾಫಾದ ಬಗೆಯದು: ಕೂದಲೆಳೆಯಂಥ ಹಿಟ್ಟಿನ ಎಳೆ, ಅಂದರೆ ಕಟಾಯಿಫಿ, ಜೊತೆಗೆ ಪಿಸ್ತಾ ಪೇಸ್ಟು ಮತ್ತು ಎಳ್ಳಿನ ತಾಹಿನಿ.

ಕಟಾಯಿಫಿ ಸಿಗದಿದ್ದರೆ ಅತಿ ಸಣ್ಣೆಳೆಯ ಶ್ಯಾವಿಗೆ ಸಾಕು. ಪಾಯಸದ ದಪ್ಪ ಶ್ಯಾವಿಗೆ ಬೇಡ, ಅದು ಹಲ್ಲಿಗೆ ಕಲ್ಲು ಸಿಕ್ಕಂತೆ ಆಗುತ್ತದೆ. ನಮ್ಮ ಚಿರೋಟಿ ಇನ್ನೂ ಸುಲಭ. ಅದು ಮೊದಲೇ ಕರಿದದ್ದು, ಪದರ ಪದರವಾದದ್ದು. ಸಕ್ಕರೆ ಉದುರಿಸದ ಚಿರೋಟಿ ತಂದು ಕೈಯಲ್ಲಿ ಪುಡಿ ಮಾಡಿದರೆ ಕರಕರ ಸಿದ್ಧ.

ಅಳತೆ ಹೀಗಿದೆ: ಶ್ಯಾವಿಗೆ 100 ಗ್ರಾಂ, ತುಪ್ಪ 2 ಟೇಬಲ್ ಚಮಚ, ಪಿಸ್ತಾ ಪೇಸ್ಟು 150 ಗ್ರಾಂ, ತಾಹಿನಿ 1 ಟೇಬಲ್ ಚಮಚ, ಒಂದು ಚಿಟಿಕೆ ಉಪ್ಪು, ಚಾಕೊಲೇಟ್ 200 ಗ್ರಾಂ. ಶ್ಯಾವಿಗೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಪೂರ್ತಿ ಆರಿಸಿ, ಆಮೇಲೆ ಪೇಸ್ಟು, ತಾಹಿನಿ, ಉಪ್ಪು ಹಾಕಿ ಕಲಸಿ. ಅಚ್ಚಿಗೆ ಕರಗಿಸಿದ ಚಾಕೊಲೇಟ್ ಸುರಿದು ಗೋಡೆಗಳಿಗೂ ಹತ್ತುವಂತೆ ಓಲಾಡಿಸಿ 10 ನಿಮಿಷ ಫ್ರಿಜ್ಜಿನಲ್ಲಿಡಿ. ಹೂರಣ ತುಂಬುವಾಗ ಅಂಚಿನಿಂದ 3 ಮಿ.ಮೀ. ಕೆಳಗೇ ನಿಲ್ಲಿಸಿ, ಮೇಲೆ ಮತ್ತೆ ಚಾಕೊಲೇಟ್ ಮುಚ್ಚಿ.

ಹೂರಣ ಮೆತ್ತಗಾಯಿತು ಎನ್ನುವವರು ಸಾಮಾನ್ಯವಾಗಿ ಪಿಸ್ತಾ ಪೇಸ್ಟು ದುಬಾರಿಯೆಂದು ಕಂಡೆನ್ಸ್ಡ್ ಮಿಲ್ಕ್ ಸೇರಿಸಿರುತ್ತಾರೆ. ಪಿಸ್ತಾ ಪೇಸ್ಟಿನಲ್ಲಿ ಇರುವುದು ಎಣ್ಣೆ, ಅದು ಶ್ಯಾವಿಗೆಯನ್ನು ನೆನೆಸುವುದಿಲ್ಲ. ಕಂಡೆನ್ಸ್ಡ್ ಮಿಲ್ಕಿನಲ್ಲಿ ನೀರಿದೆ. ಮರುದಿನಕ್ಕೆ ಒಳಗಿರುವುದು ಪಾಯಸದ ತಳ. ಅಗ್ಗದ ‘ಪಿಸ್ತಾ ಚೂರು’ಗಳ ಬಗ್ಗೆಯೂ ಹುಷಾರು. ಕಡಲೆಕಾಯಿ ಬೀಜಕ್ಕೆ ಹಸಿರು ಬಣ್ಣ ಹಚ್ಚಿ ಮಾರುವುದು ಹಳೆಯ ಕಸುಬು. ನಿಜವಾದ ಪಿಸ್ತಾ ಮುರಿದರೆ ಒಳಗೂ ಹಸಿರು ಕಾಣುತ್ತದೆ, ಹೊರಗೆ ನೇರಳೆ ಛಾಯೆಯ ಸಿಪ್ಪೆ ಇರುತ್ತದೆ.

ಚಾಕೊಲೇಟ್ ಕರಗಿಸುವಾಗ ಇದ್ದಕ್ಕಿದ್ದಂತೆ ಗಂಟುಗಂಟಾಯಿತು. ಯಾಕೆ?

ಒಂದೆರಡು ಹನಿ ನೀರು ಬಿದ್ದಿದೆ. ಚಾಕೊಲೇಟಿನೊಳಗಿನ ಸಕ್ಕರೆ ಆ ಹನಿಯನ್ನು ಹೀರಿ ಅಂಟುಅಂಟಾಗುತ್ತದೆ. ಒದ್ದೆ ಸ್ಪೂನು ಅಥವಾ ಕೆಳಗಿನ ಕುದಿನೀರಿನ ಹಬೆಯೇ ಇದಕ್ಕೆ ಸಾಕು. ಕೆಟ್ಟದ್ದನ್ನು ಬಿಸಾಡಬೇಡಿ, ಬಿಸಿ ಹಾಲು ಸೇರಿಸಿ ಸಾಸ್ ಮಾಡಿಕೊಳ್ಳಿ.

ಗಟ್ಟಿಯಾದ ಮೇಲೆ ಬೂದಿ ಬಣ್ಣದ ಗೆರೆ ಬಂದರೆ ಅದು ಬೂಷ್ಟು ಅಲ್ಲ, ಕೋಕೊ ಬೆಣ್ಣೆ ಮೇಲೆ ಬಂದು ಹರಳುಗಟ್ಟಿದ್ದು. ತಿನ್ನಲು ಅಡ್ಡಿಯಿಲ್ಲ. ಅದು ಬಾರದಿರಲು ಡಾರ್ಕ್ ಚಾಕೊಲೇಟನ್ನು 45–50 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಬಳಸಬೇಕು. ಕಲಬುರಗಿಯ ಏಪ್ರಿಲ್‌ನಲ್ಲಿ ಎ.ಸಿ. ಇಲ್ಲದೆ ಈ ಸಾಹಸಕ್ಕೆ ಇಳಿಯಬೇಡಿ. ಕಾಂಪೌಂಡ್ ಚಾಕೊಲೇಟ್ ತಗೊಳ್ಳಿ. ಅದರಲ್ಲಿ ಕೋಕೊ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುವುದರಿಂದ ಈ ತಾಪತ್ರಯ ಇಲ್ಲ. ರುಚಿ ಒಂದು ಮೆಟ್ಟಿಲು ಕೆಳಗೆ, ನೆಮ್ಮದಿ ಎರಡು ಮೆಟ್ಟಿಲು ಮೇಲೆ.

ಡಾಲ್ಗೊನಾ ಕಾಫಿಯನ್ನು ಫಿಲ್ಟರ್ ಡಿಕಾಕ್ಷನ್‌ನಲ್ಲಿ ಮಾಡಬಹುದೇ?

ಆಗುವುದಿಲ್ಲ. ಹಾಲಿನ ಮೇಲೆ ಬಡಿದ ಕಾಫಿ ನೊರೆ ಕೂರಿಸುವ, 2020ರ ಲಾಕ್‌ಡೌನಿನ ಈ ಪಾನೀಯಕ್ಕೆ ಇನ್‌ಸ್ಟಂಟ್ ಪುಡಿ, ಸಕ್ಕರೆ, ಬಿಸಿನೀರು ತಲಾ 2 ಟೇಬಲ್ ಚಮಚ ಬೇಕು. ನೊರೆ ಹಿಡಿದು ನಿಲ್ಲಿಸುವ ಕಾಫಿಯ ಅಂಶಗಳು ಇನ್‌ಸ್ಟಂಟ್ ಪುಡಿಯಲ್ಲಿ ದಟ್ಟವಾಗಿವೆ. ಡಿಕಾಕ್ಷನ್ ಎಷ್ಟೇ ಗಟ್ಟಿ ಎನಿಸಿದರೂ ಅದರ ಬಹುಪಾಲು ನೀರೇ. ಸಕ್ಕರೆ ಕಡಿಮೆ ಮಾಡಿದರೆ ನೊರೆ ಎದ್ದರೂ ಬೇಗ ಕುಸಿಯುತ್ತದೆ. ಬಟ್ಟಲಿಗೆ ಹಾಲಿನ ಜಿಡ್ಡು ತಗಲಿದ್ದರೆ ಏಳುವುದೂ ಇಲ್ಲ. ವಿದ್ಯುತ್ ಬೀಟರ್‌ನಲ್ಲಿ ನಾಲ್ಕೈದು ನಿಮಿಷದ ಕೆಲಸ. ಕೈಯಲ್ಲಾದರೆ ಮನೆಮಂದಿಯನ್ನೆಲ್ಲ ಸರದಿಯಲ್ಲಿ ನಿಲ್ಲಿಸಿ. ಉತ್ತರ ಭಾರತದ ಮನೆಗಳಲ್ಲಿ ಕಾಫಿಪುಡಿ, ಸಕ್ಕರೆ ಕಲೆಸಿ ಬಡಿಯುವ ರೂಢಿ ಇದಕ್ಕಿಂತ ಎಷ್ಟೋ ಹಳೆಯದು.

ಡಿಕಾಕ್ಷನ್‌ಗೆ ನೊರೆ ಬೇಕೆಂದರೆ ನಮಗೆ ಗೊತ್ತಿರುವ ದಾರಿಯೇ ಸರಿ: ಬಿಸಿ ಹಾಲು ಬೆರೆಸಿ, ಲೋಟದಿಂದ ಬಟ್ಟಲಿಗೆ ಎತ್ತರದಿಂದ ನಾಲ್ಕು ಸಲ ಎತ್ತಿ ಹುಯ್ಯುವುದು.

ಮೊಸರಿಗೆ ಬಿಸ್ಕತ್ತು ಚುಚ್ಚಿ ರಾತ್ರಿ ಇಟ್ಟರೆ ಬೆಳಗ್ಗೆ ಚೀಸ್‌ಕೇಕ್ ಆಗುತ್ತದಂತೆ. ನಿಜವೇ?

ಚೀಸ್‌ಕೇಕ್ ಅನ್ನುವುದು ಉದಾರವಾದ ಮಾತು. ಆದರೆ ತಿನ್ನಲು ಚೆನ್ನಾಗಿರುತ್ತದೆ. ಬಿಸ್ಕತ್ತು ಮೊಸರಿನ ನೀರು ಹೀರಿ ಮೆತ್ತಗಾಗುತ್ತದೆ, ನೀರು ಕಳೆದುಕೊಂಡ ಮೊಸರು ಗಟ್ಟಿಯಾಗುತ್ತದೆ. ವಿಡಿಯೊದಲ್ಲಿ ಇರುವುದು ಗ್ರೀಕ್ ಯೋಗರ್ಟ್, ಮೊದಲೇ ನೀರಿಳಿಸಿದ್ದು. ನಮ್ಮ ಮನೆಯ ಮೊಸರನ್ನು ಹಾಗೇ ಬಳಸಿದರೆ ಬೆಳಗ್ಗೆ ಬಿಸ್ಕತ್ತಿನ ಗಂಜಿ ಸಿಗುತ್ತದೆ. ಒಂದು ಕಿಲೊ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಹೊರಗೆ ನೇತುಹಾಕಿದರೆ ಹುಳಿಯೇರುತ್ತದೆ. 400 ಗ್ರಾಂ ಕಟ್ಟಿದ ಮೊಸರಿಗೆ 8–10 ಬಿಸ್ಕತ್ತು, ಮುಚ್ಚಿ ಕನಿಷ್ಠ 8 ಗಂಟೆ. ಮುಚ್ಚದಿದ್ದರೆ ನಿನ್ನೆಯ ಹುಳಿಯ ಇಂಗಿನ ವಾಸನೆ ಚೀಸ್‌ಕೇಕಿಗೆ ಬರುತ್ತದೆ.

ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ.

ಗೋಬಿ ಮಂಚೂರಿಗೆ ಕರ್ನಾಟಕದಲ್ಲಿ ನಿಷೇಧ ಇದೆಯೇ?

ಗೋಬಿಗೆ ನಿಷೇಧವಿಲ್ಲ, ಬಣ್ಣಕ್ಕಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿಯಂಥ ಕೃತಕ ಬಣ್ಣ ಬಳಸಬಾರದೆಂದು ಆದೇಶಿಸಿತು. ರೋಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ತಿಂಡಿಗೂ ಅದಕ್ಕೆ ಅನುಮತಿಯಿಲ್ಲ. ಅದೇ ಜೂನ್‌ನಲ್ಲಿ ಕಬಾಬ್‌ಗಳಿಗೂ ಕೃತಕ ಬಣ್ಣ ನಿಷೇಧವಾಯಿತು. ಅಂಗಡಿಯಲ್ಲಿ ಸಿಗುವ ‘ಫುಡ್ ಕಲರ್’ ಡಬ್ಬಿ ಕಾನೂನುಬದ್ಧವೇ ಇರಬಹುದು, ಆದರೆ ಅದಕ್ಕೆ ಒಪ್ಪಿಗೆಯಿರುವುದು ಮಿಠಾಯಿ, ಐಸ್‌ಕ್ರೀಮ್‌ನಂಥ ಕೆಲವಕ್ಕೆ, ಅದೂ ಮಿತಿಯೊಳಗೆ.

ಹಾಗಾದರೆ ಆ ಕೆಂಪು ಹೇಗೆ ತರುವುದು? ಮನೆಯ ಗೋಬಿ ಐದೇ ನಿಮಿಷಕ್ಕೆ ಮೆತ್ತಗಾಗುತ್ತದಲ್ಲ?

ಕೆಂಪಿಗೆ ಬ್ಯಾಡಗಿ ಇದೆ. ಅದರ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಲ್ಲಿ ಡಬ್ಬಿ ಕೊಳ್ಳಿ: ಕಾಯಿ ಗಿಡ್ಡ, ಉಬ್ಬಿದ್ದು, ಬಣ್ಣ ಹೆಚ್ಚು, ಖಾರ ಕಡಿಮೆ. ಎಂಟು ಕಾಯಿಯ ಬೀಜ ತೆಗೆದು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ. ಈ ಪೇಸ್ಟನ್ನು ಸಾಸಿಗೆ ಕೊನೆಯಲ್ಲಿ ಕಲಸಿದರೆ ಇಟ್ಟಿಗೆ ಬಣ್ಣ ಬರುತ್ತದೆ, ಅಷ್ಟೆ. ಮೆಣಸಿನ ಬಣ್ಣ ಬಿಡುವುದು ಎಣ್ಣೆಗೆ, ನೀರಿಗೆ ಅಲ್ಲ. ಮೊದಲು ಎಣ್ಣೆಯಲ್ಲಿ ಹಾಕಿ, ಅಂಚಿನಲ್ಲಿ ಕೆಂಪೆಣ್ಣೆ ಬಿಟ್ಟುಕೊಳ್ಳುವವರೆಗೆ ಎರಡು ಮೂರು ನಿಮಿಷ ಬಾಡಿಸಿ, ಆಮೇಲೆ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ. ತಳ್ಳುಗಾಡಿಯ ಆ ಉರಿಗೆಂಪು ಇದರಿಂದ ಬಾರದು. ಬರಲೂಬಾರದು.

ಮೆತ್ತಗಾಗುವುದಕ್ಕೆ ಕಾರಣ ಹೂಕೋಸಿನೊಳಗಿನ ನೀರು. ಅರ್ಧ ಕಿಲೊ ಹೂಕೋಸನ್ನು ಬಿಡಿಸಿ ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಮಾತ್ರ ಇಡಿ. ಬಸಿದು ಬಟ್ಟೆಯ ಮೇಲೆ ಹರಡಿ ಕನಿಷ್ಠ ಅರ್ಧ ಗಂಟೆ ಬಿಡಿ. ವಿಡಿಯೊದಲ್ಲಿ ಮಾಯವಾಗುವ ಅರ್ಧ ಗಂಟೆ ಇದೇ. ಹಿಟ್ಟಿಗೆ ಮೈದಾ 4, ಕಾರ್ನ್‌ಫ್ಲೋರ್ 4, ಅಕ್ಕಿಹಿಟ್ಟು 1 ಟೇಬಲ್ ಚಮಚ, ಉಪ್ಪು, ಮೆಣಸಿನ ಪುಡಿ. ಬರೀ ಮೈದಾ ಆದರೆ ಆರಿದ ಮೇಲೆ ರಬ್ಬರು. ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ: ಹೂಕೋಸಿಗೆ ಅಂಟಿಕೊಂಡಿರಬೇಕು, ತೊಟ್ಟಿಕ್ಕಬಾರದು.

ಎರಡು ಸಲ ಕರಿಯಿರಿ. ಮೊದಲ ಸಲ ಮಧ್ಯಮ ಉರಿ, ಸುಮಾರು 170 ಡಿಗ್ರಿಯಲ್ಲಿ ತಿಳಿ ಬಣ್ಣ ಬರುವವರೆಗೆ. ತೆಗೆದು ಹತ್ತು ನಿಮಿಷ ಆರಲು ಬಿಡಿ; ಒಳಗಿನ ನೀರು ಹೊರಪದರಕ್ಕೆ ಬರುತ್ತದೆ. ಎರಡನೆಯ ಸಲ 190 ಡಿಗ್ರಿಯ ಕಾದ ಎಣ್ಣೆಯಲ್ಲಿ ಒಂದೂವರೆ ನಿಮಿಷ. ಆ ನೀರೂ ಹಾರಿಹೋಗುತ್ತದೆ. ಬಾಣಲೆಗೆ ಒಮ್ಮೆಗೇ ಸುರಿಯಬೇಡಿ, ಎಣ್ಣೆ ತಣ್ಣಗಾಗಿ ಗೋಬಿ ಎಣ್ಣೆ ಕುಡಿಯುತ್ತದೆ. ಸಾಸಿಗೆ ಒಂದು ಚಹಾ ಚಮಚ ಕಾರ್ನ್‌ಫ್ಲೋರನ್ನು ಕಾಲು ಕಪ್ ನೀರಿನಲ್ಲಿ ಕದಡಿ ಹಾಕಿ, ಸೌಟಿಗೆ ಅಂಟುವಷ್ಟು ದಪ್ಪವಾದ ಮೇಲೆ ಉರಿ ಆರಿಸಿ, ಬಡಿಸುವ ಹೊತ್ತಿಗೆ ಗೋಬಿ ಹಾಕಿ ತೊಳಸಿ. ನೆಂಟರು ಇನ್ನೂ ಸಿಗ್ನಲ್‌ನಲ್ಲಿ ಇದ್ದಾರೆಂದರೆ ಗೋಬಿ ಬೇರೆ, ಸಾಸು ಬೇರೆ ಇರಲಿ.

ಬಾಯಿಂದ ಹೊಗೆ ಬರುವ ಸ್ಮೋಕ್ ಬಿಸ್ಕತ್ತು ಮಕ್ಕಳಿಗೆ ಕೊಡಿಸಬಹುದೇ?

ಬೇಡ. ಆ ಹೊಗೆ ದ್ರವ ಸಾರಜನಕದ್ದು, ಅದರ ಉಷ್ಣಾಂಶ ಮೈನಸ್ 196 ಡಿಗ್ರಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಬಿಸ್ಕತ್ತಿನ ತೂತಿನಲ್ಲಿ ಉಳಿದ ದ್ರವ ನುಂಗಿದರೆ ಬಾಯಿ, ಗಂಟಲು ಸುಡುವುದಷ್ಟೇ ಅಲ್ಲ, ಹೊಟ್ಟೆಯೊಳಗೆ ಹಿಗ್ಗಿ ತೂತು ಬೀಳಬಹುದು. ದಾವಣಗೆರೆಯಲ್ಲಿ ಹುಡುಗನೊಬ್ಬ ಇದನ್ನು ತಿಂದು ನರಳಿದ ವಿಡಿಯೊ ಹರಡಿದ ಬೆನ್ನಲ್ಲೇ, 2024ರ ಮೇನಲ್ಲಿ ರಾಜ್ಯದಲ್ಲಿ ಇದರ ಮಾರಾಟವನ್ನು ನಿಷೇಧಿಸಲಾಯಿತು. ಮದುವೆ ಮನೆಯ ‘ಹೊಗೆ ಪಾನ್’ ಕೂಡ ಇದೇ ಜಾತಿಯದು.

ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಬೇಡ ಅಂದರು. ಬಟ್ಟೆಗೆ ಇಡ್ಲಿ ಅಂಟುತ್ತದಲ್ಲ?

2025ರ ಫೆಬ್ರುವರಿಯಲ್ಲಿ ಹೋಟೆಲುಗಳಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ಆರೋಗ್ಯ ಇಲಾಖೆ ಹೇಳಿತು. ಬಟ್ಟೆ ಅಂಟುವುದು ಒಣಗಿದ್ದಾಗ. ತೆಳು ಹತ್ತಿ ಬಟ್ಟೆಯನ್ನು ನೆನೆಸಿ, ಚೆನ್ನಾಗಿ ಹಿಂಡಿ ಹಾಸಿ. ಬೆಂದ ಮೇಲೆ ಎರಡು ನಿಮಿಷ ಬಿಟ್ಟು ಬೋರಲು ಹಾಕಿ, ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ ಎಳೆದರೆ ಸಿಪ್ಪೆಯ ಹಾಗೆ ಬರುತ್ತದೆ. ಬಟ್ಟೆಯನ್ನು ಸೋಪಿನಲ್ಲಿ ಒಗೆಯಬೇಡಿ, ಮರುದಿನ ಇಡ್ಲಿಗೆ ಆ ವಾಸನೆ ಗ್ಯಾರಂಟಿ. ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಿ. ಕರಾವಳಿಯವರಿಗೆ ಈ ಚಿಂತೆಯೇ ಇಲ್ಲ, ಅವರ ಕೊಟ್ಟೆ ಕಡುಬು ಹಲಸಿನ ಎಲೆಯಲ್ಲಿ ಬೇಯುತ್ತದೆ.

ಮುಂಬೈ, ದಿಲ್ಲಿಯಲ್ಲೂ ಬೆಣ್ಣೆ ದೋಸೆಗೆ ಸಾಲು ನಿಲ್ಲುತ್ತಾರೆ. ದಾವಣಗೆರೆಯ ಹದ ಮನೆಯಲ್ಲಿ ಬರಿಸುವುದು ಹೇಗೆ?

ಬೆಣ್ಣೆ ಸುರಿದರೆ ಬೆಣ್ಣೆ ದೋಸೆ ಆಗುವುದಿಲ್ಲ, ಗುಟ್ಟು ಮಂಡಕ್ಕಿಯಲ್ಲಿದೆ. ದೋಸೆ ಅಕ್ಕಿ 3 ಕಪ್, ಉದ್ದಿನಬೇಳೆ ಮುಕ್ಕಾಲು ಕಪ್, ಮೆಂತ್ಯ 1 ಚಹಾ ಚಮಚ ಐದಾರು ಗಂಟೆ ನೆನೆಯಲಿ. ಮಂಡಕ್ಕಿ 2 ಕಪ್, ರುಬ್ಬುವ ಹತ್ತು ನಿಮಿಷ ಮೊದಲು ನೆನೆಸಿ ಹಿಂಡಿದರೆ ಸಾಕು. ಮಂಡಕ್ಕಿ ಮೊದಲೇ ಅರಳಿದ ಅಕ್ಕಿ, ಹಾಗಾಗಿ ದೋಸೆಯ ಒಳಗೆ ಮೆದು ಉಳಿಯುತ್ತದೆ. ಮಿಕ್ಸಿಯಲ್ಲಿ ರುಬ್ಬುವವರು ಐಸ್ ನೀರು ಬಳಸಿ, ಹಿಟ್ಟು ಬಿಸಿಯಾಗಬಾರದು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಎಂಟು ಗಂಟೆಗೆ ಹುದುಗಲಿಲ್ಲವೆಂದು ಸೋಡಾ ಹಾಕಬೇಡಿ, ಹನ್ನೆರಡು ಹದಿನಾಲ್ಕು ಗಂಟೆ ಕೊಡಿ. ಚಳಿದೇಶದಲ್ಲಿರುವವರು ಅವನ್ ಹಚ್ಚದೆ, ಅದರೊಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡಿ. ಹುಯ್ಯುವ ಮುಂಚೆ ಒಂದು ಚಹಾ ಚಮಚ ಸಕ್ಕರೆ ಕದಡಿದರೆ ಹೊಂಬಣ್ಣ ಬರುತ್ತದೆ.

ಕಬ್ಬಿಣದ ಕಾವಲಿ ಕಾದಾಗ ನೀರು ಚಿಮುಕಿಸಿ, ಹೆಚ್ಚಿದ ಈರುಳ್ಳಿಯಿಂದ ಉಜ್ಜಿ. ಹಿಟ್ಟು ಸೌಟಿನ ಜೊತೆಗೇ ಎದ್ದು ಬಂದರೆ ಕಾವಲಿ ವಿಪರೀತ ಕಾದಿದೆ. ಹರಡಿದ ಮೇಲೂ ಕಣ್ಣು ಬೀಳದೆ ಬಿಳುಚಿಕೊಂಡರೆ ಕಾದಿಲ್ಲ. ಮಸಾಲೆ ದೋಸೆಗಿಂತ ಚಿಕ್ಕದಾಗಿ, ದಪ್ಪಗೆ ಹುಯ್ದು, ಮೇಲೂ ಅಂಚಿಗೂ ಉಪ್ಪಿಲ್ಲದ ಬಿಳಿ ಬೆಣ್ಣೆ ಹಾಕಿ. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಈ ಪ್ರಮಾಣಕ್ಕೆ ಬಾಯಿಗಿಡಲಾಗದು. ಪಲ್ಯಕ್ಕೆ ಅರಿಸಿನ ಬೇಡ, ದಾವಣಗೆರೆಯ ಆಲೂಗೆಡ್ಡೆ ಪಲ್ಯ ಬೆಳ್ಳಗೇ ಇರಬೇಕು.

ಮೈಸೂರು ಪಾಕ್ ಹೆಸರು ಬದಲಾಯಿತಂತೆ?

2025ರ ಮೇನಲ್ಲಿ ‘ಪಾಕ್’ ಎಂದರೆ ಪಾಕಿಸ್ತಾನ ನೆನಪಾಗುತ್ತದೆಂದು ಜೈಪುರದ ಕೆಲವು ಮಿಠಾಯಿ ಅಂಗಡಿಗಳು ‘ಮೈಸೂರು ಶ್ರೀ’ ಎಂದು ಬೋರ್ಡು ಹಾಕಿದವು. ಮೈಸೂರಿನಲ್ಲಿ ಯಾರೂ ಬದಲಾಯಿಸಲಿಲ್ಲ, ತುಪ್ಪದ ಅಳತೆಯೂ ಬದಲಾಗಲಿಲ್ಲ: ಕಡಲೆಹಿಟ್ಟು 1 ಕಪ್, ಸಕ್ಕರೆ 2, ತುಪ್ಪ 2, ನೀರು ಅರ್ಧ.

ಗೂಡುಗೂಡಾಗಿ ಬರಬೇಕಾದರೆ ತುಪ್ಪ ಪಕ್ಕದ ಒಲೆಯಲ್ಲಿ ಕಾಯುತ್ತಲೇ ಇರಬೇಕು. ಒಂದೆಳೆ ಪಾಕಕ್ಕೆ ಜರಡಿ ಹಿಡಿದ ಹಿಟ್ಟು ಉದುರಿಸಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಂದೊಂದೇ ಸೌಟು ಕಾದ ತುಪ್ಪ. ಪ್ರತಿ ಸಲ ಚುರ್ರೆಂದು ನೊರೆ ಏಳಬೇಕು: ಹಿಟ್ಟಿನೊಳಗಿನ ನೀರು ಹಬೆಯಾಗಿ ಹೊರಬರುತ್ತ ತೂತು ಮಾಡುತ್ತದೆ. ತಣ್ಣನೆ ತುಪ್ಪ ಹಾಕಿದರೆ ಸದ್ದೂ ಇಲ್ಲ, ಗೂಡೂ ಇಲ್ಲ. ಹಿಟ್ಟು ತುಪ್ಪ ಹೀರುವುದನ್ನು ನಿಲ್ಲಿಸಿ, ತಳ ಬಿಟ್ಟು, ಘಮ ಬಂದ ಕ್ಷಣ ಎತ್ತರದ ಅಂಚಿನ ತಟ್ಟೆಗೆ ಸುರಿಯಿರಿ. ಸೌಟಿನಿಂದ ಒತ್ತಿ ಸಮ ಮಾಡಬೇಡಿ, ಗೂಡು ಮುಚ್ಚಿಹೋಗುತ್ತದೆ. ಬಿಸಿ ಇದ್ದಾಗಲೇ ಗೆರೆ ಎಳೆಯಿರಿ. ಪುಡಿಪುಡಿಯಾದರೆ ಪಾಕ ಮಿತಿಮೀರಿದೆ ಅಥವಾ ಒಲೆಯ ಮೇಲೆ ಹೆಚ್ಚು ಹೊತ್ತು ಇದ್ದಿದೆ; ಹಲ್ವದಂತೆ ಜಗ್ಗಿದರೆ ಬೇಗ ಇಳಿಸಿದ್ದೀರಿ.

ಸೌತೆಕಾಯಿ ಸಲಾಡ್ ಡಬ್ಬಿಯಲ್ಲಿ ಕುಲುಕಿದರೆ ನೀರಾಗುತ್ತದೆ. ಏನು ತಪ್ಪು?

ಇದು 2024ರಲ್ಲಿ ಟಿಕ್‌ಟಾಕ್‌ನಲ್ಲಿ ಅಡುಗೆ ವಿಡಿಯೊ ಹಾಕುವ ಕೆನಡಾದ ಲೋಗನ್ ಮಾಫಿಟ್ ಜನಪ್ರಿಯ ಮಾಡಿದ್ದು. ಆ ಆಗಸ್ಟ್‌ನಲ್ಲಿ ಐಸ್‌ಲ್ಯಾಂಡ್‌ನ ಅಂಗಡಿಗಳಲ್ಲಿ ಸೌತೆಕಾಯಿ ಸಾಲದಾಯಿತು ಎಂಬ ಸುದ್ದಿಯೂ ಬಂತು. ಉಪ್ಪು ತಗಲಿದ ಸೌತೆಕಾಯಿ ನೀರು ಬಿಟ್ಟೇ ಬಿಡುತ್ತದೆ, ಸೋಯಾ ಸಾಸ್ ಎಂದರೆ ಉಪ್ಪೇ. ಹೆಚ್ಚಿ ಅರ್ಧ ಚಹಾ ಚಮಚ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಹಿಂಡಿ, ಆಮೇಲೆ ಸೋಯಾ ಸಾಸ್, ಎಳ್ಳೆಣ್ಣೆ, ಬೆಳ್ಳುಳ್ಳಿ ಹಾಕಿ ಕುಲುಕಿ. ರಾಮನವಮಿಯ ಕೋಸಂಬರಿಗೆ ಉಪ್ಪು, ನಿಂಬೆರಸ ಕೊನೇ ಗಳಿಗೆಯಲ್ಲಿ ಹಾಕುವುದೂ ಇದೇ ಕಾರಣಕ್ಕೆ.

ಟೊಮೆಟೊ, ಫೆಟಾ ಚೀಸ್ ಬೇಯಿಸಿ ಮಾಡುವ ಪಾಸ್ತಾಗೆ ಫೆಟಾ ಬದಲು ಪನೀರ್ ಹಾಕಿದೆ. ಕರಗಲೇ ಇಲ್ಲ.

ಕರಗುವುದಿಲ್ಲ. ಬಿಸಿ ಹಾಲನ್ನು ಹುಳಿಯಿಂದ ಒಡೆದು ಮಾಡಿದ ಪನೀರ್ ಎಷ್ಟು ಕಾದರೂ ಗಟ್ಟಿಯೇ. ಪಾಲಕ್ ಪನೀರಿನಲ್ಲಿ ಅದೇ ಗುಣ ನಮಗೆ ಬೇಕಾಗಿರುವುದು. ಫೆಟಾ ಕೂಡ ಪೂರ್ತಿ ಕರಗದು, ಮೆತ್ತಗಾಗಿ ಕದಡಿಕೊಳ್ಳುತ್ತದೆ. ಪನೀರೇ ಇದ್ದರೆ 150 ಗ್ರಾಂ ಪನೀರಿಗೆ 3 ಟೇಬಲ್ ಚಮಚ ಕಟ್ಟಿದ ಮೊಸರು, ಉಪ್ಪು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಬೆಂದ ಟೊಮೆಟೊಗೆ ಒಲೆ ಆರಿಸಿದ ಮೇಲೆ ಬೆರೆಸಿ.

ಯಾರೂ ಮಾಡಿ ನೋಡದ ರೆಸಿಪಿಯನ್ನು ಗುರುತಿಸುವುದು ಹೇಗೆ?

ಈರುಳ್ಳಿಯನ್ನು ಐದು ನಿಮಿಷದಲ್ಲಿ ಕಂದು ಮಾಡಿದವರನ್ನು ನಂಬಬೇಡಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಕು. ಪಟ್ಟಿಯಲ್ಲಿ ಇರುವ ಪದಾರ್ಥ ವಿಧಾನದಲ್ಲಿ ಬಾರದಿದ್ದರೆ, ಚಿತ್ರದಲ್ಲಿ ಕರಿಬೇವಿದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ, ಎ.ಐ. ಬಿಡಿಸಿದ ದೋಸೆಗೆ ಎರಡೂ ಬದಿಯಲ್ಲಿ ಕಣ್ಣಿದ್ದರೆ ಮುಂದೆ ಸಾಗಿ. ಪಾತ್ರೆಯ ಗಾತ್ರ, ಉರಿ, ‘ಹೀಗಾದರೆ ಹೀಗೆ ಮಾಡಿ’ ಎಂಬ ಮಾತು ಇರುವ ರೆಸಿಪಿ ಕೈಯಲ್ಲಿ ಮಾಡಿದವರದು.

ಏರ್ ಫ್ರೈಯರ್‌ನಲ್ಲಿ ಬೋಂಡ ಆಗುತ್ತದೆಯೇ?

ಇಲ್ಲ. ಎಣ್ಣೆಯಲ್ಲಿ ಹಿಟ್ಟು ಬಿದ್ದ ಕೂಡಲೇ ಬಿಗಿಯುತ್ತದೆ. ಗಾಳಿಯಲ್ಲಿ ಅಷ್ಟರೊಳಗೆ ಜಾಲರಿಯಿಂದ ಸೋರಿ ತಳಕ್ಕೆ ಸೇರುತ್ತದೆ. ಗಟ್ಟಿಯಾಗಿ ತಟ್ಟಿದ ಮದ್ದೂರು ವಡೆಗೆ ಎರಡೂ ಬದಿ ಎಣ್ಣೆ ಸವರಿ 180 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ತಿನ್ನುವಂಥದ್ದು ಬರುತ್ತದೆ, ಆದರೆ ಬಿಸ್ಕತ್ತಿನ ಕಡೆಯ ನೆಂಟ. ಹಪ್ಪಳ ಮಾತ್ರ ಬಲು ಚೆಂದ: ಎಣ್ಣೆ ಸವರಿ, 180 ಡಿಗ್ರಿ, ಒಂದೂವರೆ ನಿಮಿಷ. ಮೇಲೊಂದು ಸ್ಟೀಲ್ ಜಾಲರಿ ಇಡಿ, ಇಲ್ಲವಾದರೆ ಫ್ಯಾನಿನ ಗಾಳಿಗೆ ಹಪ್ಪಳ ಎದ್ದು ಕಾಯಿಲ್‌ಗೆ ಅಂಟಿ ಸುಡುತ್ತದೆ.